ಎರಡನೇ ಬ್ರೇಕು

ನಮ್ಮ ಭಾವ ಮೂವತ್ತೊಂದು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದರು. ಊರಿನಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ರೇಕ್ ಮೇಷ್ಟ್ರು ಎಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವನು ಗಾಬರಿಯಿಂದ ಕೈಕಾಲು ಬಿಟ್ಟಾಗ ಮೇಷ್ಟ್ರು ಒತ್ತಬೇಕಾದದ್ದು ಅದು. ನಮ್ಮ ಭಾವ ಅದನ್ನು ಅವನು ಜೋರಾಗಿ ಉಸಿರುಬಿಟ್ಟರೂ ಒತ್ತುತ್ತಿದ್ದರು.

ಅವರ ಸಂಸಾರವೂ ಆ ಕಾರಿನಲ್ಲೇ ನಡೆಯಿತು. ತರಕಾರಿಗೆ, ಮದುವೆಮನೆಗೆ, ಎಲ್ಲಿಗೆ ಹೋಗುವುದಿದ್ದರೂ ಯಾರೋ ಒಬ್ಬ ಶಿಷ್ಯನ ಆ ದಿನದ ಪಾಠ ಅದೇ ದಾರಿಯಲ್ಲಿ ಬೀಳುತ್ತಿತ್ತು. ಅಕ್ಕ ಹೆರಿಗೆಗೆ ಹೋದದ್ದು, ಅಂದೇ ಮೊದಲ ಸಲ ಕ್ಲಚ್ ಮುಟ್ಟಿದ ಒಬ್ಬ ಬ್ಯಾಂಕ್ ಗುಮಾಸ್ತನ ಕೈಯಲ್ಲಿ. ಪಕ್ಕದಲ್ಲಿ ಅವಳ ಕೈ ಹಿಡಿದುಕೊಂಡು ಕೂತವಳು ನಾನು, ಅವಳ ತಂಗಿ. ನೋವು ಯಾವುದು, ಜರ್ಕು ಯಾವುದು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಮೂರನೇ ಗೇರು ಎಂಬುದೊಂದು ಇದೆಯೆಂದು ನಮ್ಮ ಮನೆಯ ಹೆಂಗಸರು ಕೇಳಿ ಬಲ್ಲೆವೇ ಹೊರತು ಕಂಡವರಲ್ಲ.

ಅಕ್ಕನೂ ಅವರ ಹತ್ತಿರವೇ ಕಲಿತಳು. ಇಪ್ಪತ್ತೆರಡು ವರ್ಷಗಳ ಹಿಂದೆ ಮೊದಲನೇ ಸಲಕ್ಕೇ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಂದಳು. ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಆಫೀಸರು ಮೆದು ಮನುಷ್ಯ. ಲೈಸೆನ್ಸ್ ಅವರು ಕೊಡ್ಲಿ. ನೀನು ತಯಾರಾಗಿದ್ದೀಯ ಅಂತ ಹೇಳ್ಬೇಕಾದವನು ನಾನು" ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವಧಿ ಮುಗಿಯುವ ಮೊದಲೇ ತಪ್ಪದೆ ತಾವೇ ಅರ್ಜಿ ತುಂಬಿ ಅದನ್ನು ನವೀಕರಿಸಿಕೊಂಡು ಬರುತ್ತಿದ್ದರು. ಗಾಡಿ ಮಾತ್ರ ಕೊಡುತ್ತಿರಲಿಲ್ಲ. ಯಾವಾಗ ಕೇಳಿದರೂ "ನೋಡೋಣ" ಎನ್ನುವುದು. ಆ ಮಾತು ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು, ಇನ್ನು ಅವಳಿಗೆ ಹೇಗಾಗಿರಬೇಡ.

ನಿವೃತ್ತಿಯಾದ ಮೇಲೆ ಭಾವನಿಗೆ ಊರು ಸುತ್ತುವ ಹುಚ್ಚು ಹಿಡಿಯಿತು. ಮೂವತ್ತೊಂದು ವರ್ಷ ಅದೇ ಮೂರು ಬೀದಿ, ಅದೇ ಒಂದು ವೃತ್ತ ಸುತ್ತಿದವರು, ತಪ್ಪೇನಿಲ್ಲ. ಕಲಿಸುವ ಕಾರನ್ನು ಗುಜರಿಗೆ ಹಾಕಿ ಒಂದು ಮೋಟರ್‌ಹೋಮ್ ಕೊಂಡರು. ವ್ಯಾನಿನೊಳಗೇ ಅಡುಗೆಕಟ್ಟೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಡಿ. ಗುಜರಿಗೆ ಕಳಿಸುವ ಮುಂಚೆ ಹಳೆಯ ಕಾರಿನ ಎರಡನೇ ಬ್ರೇಕಿನ ಪೆಡಲ್ಲನ್ನು ಬಿಚ್ಚಿಟ್ಟುಕೊಂಡಿದ್ದರು. ಅದನ್ನು ಹೊಸ ಗಾಡಿಯಲ್ಲಿ ಕನ್ನಡಿಯ ಪಕ್ಕ ಪದಕದ ಹಾಗೆ ನೇತುಹಾಕಿದರು.

"ಬರ್ತೀನಿ. ಆದ್ರೆ ಅರ್ಧ ದಾರಿ ನಾನು ಓಡಿಸ್ತೀನಿ" ಎಂದಳು ಅಕ್ಕ.

"ನೋಡೋಣ" ಎಂದರು ಭಾವ.

ನಾನು ಹೊಲಿಗೆಯವಳು. ಕಿಟಕಿಗಳಿಗೆ ಪರದೆ ಹೊಲಿದು ತೂಗುಹಾಕಲು ಹತ್ತಿದವಳು ಗಾಡಿಯೊಳಗೇ ಉಳಿದೆ. ಈ ತಮಾಷೆಯನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮೊದಲನೇ ದಿನವೇ ಒಂದು ಸತ್ಯ ಹೊರಬಿತ್ತು. ಭಾವ ಸ್ಟಿಯರಿಂಗಿನ ಹಿಂದೆ ಕೂತು ವರ್ಷಗಳೇ ಆಗಿದ್ದವು. ಜೀವನಪೂರ್ತಿ ಪಕ್ಕದ ಸೀಟಿನಲ್ಲಿ ಕೂತು ಓರೆಯಾಗಿ ರಸ್ತೆ ನೋಡಿದವರು. ಈಗ ನೆಟ್ಟಗೆ ನೋಡಬೇಕೆಂದರೆ ಕತ್ತು ಕೇಳಬೇಕಲ್ಲ? ಗಾಡಿ ರಸ್ತೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನ ಕ್ಷೇಮಸಮಾಚಾರ ವಿಚಾರಿಸುತ್ತಾ ಸಾಗಿತು. ಅವರ ಬಾಯಿ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. "ಕನ್ನಡಿ ನೋಡು. ಕ್ಲಚ್ ನಿಧಾನ ಬಿಡು. ಯಾಕಪ್ಪ ಅವಸರ?" ಎಂದು ತಮಗೆ ತಾವೇ ಪಾಠ ಮಾಡಿಕೊಂಡು, ತಮ್ಮ ಮೇಲೆ ತಾವೇ ರೇಗಿಕೊಂಡು ಓಡಿಸುತ್ತಿದ್ದರು.

ಕಪಾಟುಗಳಿಗೆ ಚಿಲಕ ಹಾಕಿಯೇ ಗಾಡಿ ಹೊರಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೊದಲನೇ ತಿರುವಿನಲ್ಲಿ ತಟ್ಟೆಗಳು, ಎರಡನೆಯದರಲ್ಲಿ ಸಕ್ಕರೆ ಡಬ್ಬಿ, ಮೂರನೆಯದರಲ್ಲಿ ನಾನು ಕೆಳಗೆ ಬಿದ್ದೆವು. ಊಟದ ಮೇಜೇ ಹಲಗೆ ಇಳಿಸಿದರೆ ನನ್ನ ಹಾಸಿಗೆ. ಹಾಗಾಗಿ ಬೆಳಿಗ್ಗೆ ನಾನು ಏಳುವವರೆಗೆ ಯಾರಿಗೂ ಟೀ ಇಲ್ಲ, ಅವರಿಗೆ ಟೀ ಬೇಕೆನಿಸಿದ ಮೇಲೆ ನನಗೆ ನಿದ್ದೆ ಇಲ್ಲ. ಬಚ್ಚಲಿನಲ್ಲಿ ಮೈ ಒರೆಸಿಕೊಳ್ಳಲು ಮೊಣಕೈ ಎತ್ತಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಇಷ್ಟೆಲ್ಲ ಆದರೂ ಅಕ್ಕ ತುಟಿಪಿಟಕ್ಕೆನ್ನಲಿಲ್ಲ. ಅವಳ ಕಣ್ಣು ಸ್ಟಿಯರಿಂಗಿನ ಮೇಲೇ ಇತ್ತು.

ಎರಡನೇ ದಿನ ಒಂದು ತಂಗುದಾಣ ತಲುಪಿದೆವು. ಇಂಥ ಗಾಡಿಗಳು ಸಾಲಾಗಿ ನಿಲ್ಲುವ ಬಯಲು, ಪ್ರತಿ ಗಾಡಿಗೂ ಒಂದು ನಲ್ಲಿ. ಎರಡು ಗಾಡಿಗಳ ನಡುವಿನ ಜಾಗಕ್ಕೆ ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸಬೇಕಿತ್ತು. ಭಾವ ನಾಲ್ಕು ಸಲ ಪ್ರಯತ್ನಿಸಿದರು. ಪಕ್ಕದ ಗಾಡಿಯವರು ಕುರ್ಚಿ ಹಾಕಿಕೊಂಡು ಕೂತರು, ಅದರಾಚೆಯವರು ಮಕ್ಕಳನ್ನೂ ಕರೆದರು. ಐದನೇ ಸಲಕ್ಕೆ ಭಾವ ಬೇಸತ್ತು, ಗಾಡಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು ಹಿಂದಕ್ಕೆ ಹೋದರು. ಕಾಲು ಅಗಲಿಸಿ ನಿಂತು ಕೈಯೆತ್ತಿ ಕೂಗತೊಡಗಿದರು:

"ಹಾಂ, ಬರ್ಲಿ. ಬರ್ಲಿ. ಸ್ಟಿಯರಿಂಗ್ ತಿರುಗ್ಸು. ಏನು ನಿದ್ದೆ ಮಾಡ್ತಿದ್ದೀಯ?"

ಮೂವತ್ತೊಂದು ವರ್ಷದ ಅಭ್ಯಾಸ. ಓಡಿಸುವವರ ಸೀಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅಕ್ಕ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಆ ಸೀಟಿಗೆ ಜರುಗಿದಳು. ಒಂದೇ ಸಲ. ಎರಡೂ ಕಡೆ ಸಮ ಜಾಗ ಬಿಟ್ಟು ಗಾಡಿ ಒಳಗೆ ನಿಂತಿತು. ಕುರ್ಚಿಯವರು ಚಪ್ಪಾಳೆ ತಟ್ಟಿದರು. ಭಾವ ಅದು ತಮಗೇ ಬಿದ್ದ ಚಪ್ಪಾಳೆಯೆಂದು ಕೈ ಮುಗಿದು, ಆಮೇಲೆ ಕಿಟಕಿಯ ಹತ್ತಿರ ಬಂದು ಹೇಳಿದರು:

"ಕ್ಲಚ್ ಸ್ವಲ್ಪ ಬೇಗ ಬಿಟ್ಟೆ."

ಮೂರನೇ ದಿನ ಸ್ಟಿಯರಿಂಗ್ ಅಕ್ಕನ ಕೈಗೆ ಬಂತು. ಭಾವ ಕೊಟ್ಟದ್ದಲ್ಲ, ಅವಳು ಬೆಳಿಗ್ಗೆ ಬೇಗ ಎದ್ದು ಹೋಗಿ ಆ ಸೀಟಿನಲ್ಲಿ ಕೂತಿದ್ದಳು, ಅಷ್ಟೆ. ಆಹಾ, ಆ ಮೂರನೇ ಗೇರು! ಕಿಟಕಿಯಿಂದ ಗಾಳಿ ಬಂತು, ನಾನು ಹೊಲಿದ ಪರದೆಗಳೆಲ್ಲ ಎದ್ದು ಕುಣಿದವು. ಆದರೆ ಪಕ್ಕದ ಸೀಟಿನಲ್ಲಿ ಭಾವನ ಪಾಡು ನೋಡುವ ಹಾಗಿರಲಿಲ್ಲ. ಅಲ್ಲಿ ಬ್ರೇಕ್ ಇಲ್ಲ. ಬಲಗಾಲು ಬರೀ ನೆಲವನ್ನು ಒತ್ತಿ ಒತ್ತಿ ಚಾಪೆ ಕಿತ್ತುಬಂತು. ಅರ್ಧ ಮೈಲಿ ದೂರದಲ್ಲಿ ಒಂದು ಹಸು ಕಂಡರೂ "ಬ್ರೇಕ್! ಬ್ರೇಕ್!" ಸಂಜೆಯ ಹೊತ್ತಿಗೆ ಗಂಟಲು ಕಟ್ಟಿ, ಮುಖ ಬೆವರಿ, ಮನುಷ್ಯ ಅರ್ಧವಾಗಿದ್ದರು.

"ಬ್ರೇಕಿಲ್ಲದ ಸೀಟಲ್ಲಿ ನಾನು ಕೂರಲ್ಲ. ನಾಳೆ ಗಾಡಿ ತಿರುಗಿಸಿ ಮನೆಗೆ ಹೋಗೋಣ" ಎಂದರು.

"ಸ್ಟಿಯರಿಂಗ್ ಹಿಡಿಯೋಕೂ ನಿಮಗೆ ಆಗಲ್ಲ. ಪಕ್ಕದಲ್ಲಿ ಕೂರೋಕೂ ಆಗಲ್ಲ. ಮತ್ತೆ ನಾನು ಏನ್ ಮಾಡ್ಲಿ ರೀ?"

ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಇಪ್ಪತ್ತೆರಡು ವರ್ಷ ಕಾದದ್ದು ಒಂದು ದಿನಕ್ಕೆ ಮುಗಿಯಿತಲ್ಲ ಎಂದು ನನಗೂ ಸಂಕಟವಾಯಿತು. ಭಾವನ ಕೊರಳಪಟ್ಟಿ ಹಿಡಿದು ಜಗ್ಗಬೇಕೆನ್ನಿಸಿತು.

ನಾಲ್ಕನೇ ದಿನ ಬೆಳಿಗ್ಗೆ ಭಾವ, ನಾವು ರಾತ್ರಿ ನಿಂತಿದ್ದ ತಂಗುದಾಣದ ಬಚ್ಚಲಿಗೆ ಸ್ನಾನಕ್ಕೆ ಹೋದಾಗ ಅಕ್ಕ ಕನ್ನಡಿಯ ಪಕ್ಕದ ಪದಕವನ್ನು ಇಳಿಸಿ, ಅಲ್ಲಿನ ರಿಪೇರಿಯವನನ್ನು ಕರೆತಂದಳು. ಅವನು ಆ ಪೆಡಲ್ಲನ್ನು ಪಕ್ಕದ ಸೀಟಿನ ಮುಂದೆ, ಒಂದು ಸ್ಪ್ರಿಂಗ್ ಕೊಟ್ಟು ನೆಲಕ್ಕೆ ಬಿಗಿದ. ಬ್ರೇಕಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

"ರೀ, ನಿಮ್ಮ ಬ್ರೇಕು ಹಾಕಿಸಿದ್ದೀನಿ" ಎಂದಳು ಅಕ್ಕ.

ಭಾವ ಕೂತರು. ಒತ್ತಿದರು. ಸ್ಪ್ರಿಂಗ್ ಕಿರ್ ಎಂದಿತು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಮನೆಗೆ ತಿರುಗುವ ಮಾತು ಆ ಕ್ಷಣವೇ ಬಿದ್ದುಹೋಯಿತು. ಅಂದೆಲ್ಲ ಅವರು ಒತ್ತುತ್ತಾ ಹೋದರು, ಅಕ್ಕ ತನ್ನ ಪಾಡಿಗೆ ಓಡಿಸುತ್ತಾ ಹೋದಳು. ಒಂದು ಸಲ ಕೋಳಿಯೊಂದು ಅಡ್ಡ ಬಂದಾಗ ಅಕ್ಕ ಸಮಯಕ್ಕೆ ಸರಿಯಾಗಿ ನಿಲ್ಲಿಸಿದಳು.

"ನೋಡಿದ್ಯಾ? ನಾನು ಒತ್ತಲಿಲ್ಲ ಅಂದಿದ್ರೆ?" ಎಂದು ಭಾವ ನನ್ನ ಕಡೆ ತಿರುಗಿ ಮೀಸೆ ತಿರುವಿದರು.

"ಹೌದು ರೀ. ನೀವಿದ್ದೀರಿ ಅಂತಲೇ ನನಗೆ ಧೈರ್ಯ" ಎಂದಳು ಅಕ್ಕ. ಅವಳು ಕೊಂಕು ಆಡುತ್ತಿದ್ದಳೋ ನಿಜವಾಗಿಯೂ ಹೇಳುತ್ತಿದ್ದಳೋ ನನಗೆ ಇವತ್ತಿಗೂ ತಿಳಿಯದು. ನಾನಂತೂ ಸಕ್ಕರೆ ಡಬ್ಬಿಯನ್ನು ತಬ್ಬಿಕೊಂಡು ನಗು ನುಂಗಿದೆ.

ಐದನೇ ದಿನ ದೊಡ್ಡ ಇಳಿಜಾರು. ಕೆಳಗೆ ಸರೋವರ, ನಡುವೆ ಹದಿನಾಲ್ಕು ತಿರುವು. ಮೇಲುಗಡೆ ಟೀ ಕುಡಿಯಲು ನಿಂತಾಗ ಅಕ್ಕ ಕಪ್ಪು ತೊಳೆಯಲು ನಲ್ಲಿಯ ಕಡೆ ಹೋದಳು. ಅದೇ ಹೊತ್ತಿಗೆ ಭಾವ ಟಾರ್ಚ್ ಹಿಡಿದು ಪಕ್ಕದ ಸೀಟಿನ ಮುಂದೆ ಬಗ್ಗಿ, ಪೆಡಲ್ಲಿನ ಹಿಂದೆ ಬೆಳಕು ಬಿಟ್ಟರು. ಬ್ರೇಕಿನ ಮೇಲೇ ಜೀವ ಸವೆಸಿದ ಮನುಷ್ಯ. ಪೆಡಲ್ಲಿನ ಹಿಂದೆ ಏನಿರಬೇಕು, ಏನಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಮುಖ ಕೆಂಪಗಿತ್ತು. ನನ್ನನ್ನು ನೋಡಿದರು. ನಾನು ಪರದೆಯ ನೆರಿಗೆ ಸರಿಮಾಡತೊಡಗಿದೆ.

"ನಿನ್ನೆ ಆ ಕೋಳಿ..." ಎಂದು ಶುರುಮಾಡಿ, ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡರು.

ಅಕ್ಕ ಬಂದು ಕಪಾಟುಗಳ ಚಿಲಕ ಹಾಕಿ, ಗಾಡಿ ಹೊರಡಿಸಿದಳು. ಮೊದಲನೇ ತಿರುವು ಎದುರಾಯಿತು. ಈಗ ಕಿರುಚುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ, ಭಾವ ಚಪ್ಪಲಿ ಕಳಚಿ, ಎರಡೂ ಕಾಲನ್ನು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಗಾಡಿ ಓಡುತ್ತಿರುವಾಗ ಆ ಕಾಲುಗಳು ನೆಲ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಕ್ಕ ಓರೆಗಣ್ಣಿನಲ್ಲಿ ನೋಡಿದಳು.

"ಯಾಕ್ರೀ, ಕಾಲು ನೋವಾ?"

"ಇಲ್ಲ" ಎಂದರು ಭಾವ. ಕೈಯೆರಡನ್ನೂ ಮೊಣಕಾಲ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. "ನೀನು ಓಡಿಸು."