ಧಾರಾವಾಹಿಯ ಆಟಗಾರನಿಗೆ ಅವ್ವನ ಹರಕೆ

ದಿನಾ ಸಂಜೆ ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಧಾರಾವಾಹಿಯ ನಾಯಕನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಕಥೆಯಲ್ಲಿ ಅವನು ದೊಡ್ಡ ಕಬಡ್ಡಿ ಆಟಗಾರ. ದುಡ್ಡು ತಿಂದು ಪಂದ್ಯ ಸೋತು, ಸಿಕ್ಕಿಬಿದ್ದು, ತಂಡದಿಂದ ಹೊರಬಿದ್ದಿದ್ದ. ಅವನು ಕೆಳಗಿಳಿದಷ್ಟೂ ನಮ್ಮವ್ವನ ಮರುಕ ಏರುತ್ತಿತ್ತು. ಕೊನೆಗೆ ಅವನಿಗಾಗಿ ಸೋಮವಾರ ಒಪ್ಪತ್ತು ಹಿಡಿದಳು. ಅವನು ಮತ್ತೆ ಅಂಕಣಕ್ಕಿಳಿದರೆ ಕೊಟ್ಟೂರಿನ ಗುಡಿಗೆ ಹೋಗಿ ಕಾಯಿ ಒಡೆಸುವುದಾಗಿ ಹರಕೆಯನ್ನೂ ಹೊತ್ತಳು.

ಕಾಲೇಜಿನ ಚರ್ಚಾಪಟುವಾದ ನನಗೆ ಸುಮ್ಮನಿರಲು ಆಗಲಿಲ್ಲ.

“ಅವ್ವಾ, ಅಂವ ವೇಷ ಹಾಕ್ಯಾನ. ಕತಿ ಬರಿಯೋರು ಬರದಂಗ ಬೀಳ್ತಾನ. ದೇವರು ಯಾರ ಮಾತು ಕೇಳಬೇಕು, ನಿಂದೊ ಅವರದೊ?”

“ದೇವರಿಗೆ ಗೊತ್ತೈತಿ ಬಿಡು.”

“ತಪ್ಪು ಮಾಡ್ಯಾನಲ್ಲ?”

“ಮಾಡ್ಯಾನ. ಮಾಡೀನಿ ಅಂತ ತಾಯಿ ಮುಂದ ಅತ್ತಾನ. ನೀ ಯಾವತ್ತಾರ ಸೋತೀನಿ ಅಂದೀಯೇನು?”

ಹಿಂದಿನ ವಾರವಷ್ಟೇ ಹರಪನಹಳ್ಳಿಯ ಚರ್ಚಾಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಹೊರಬಿದ್ದಿದ್ದೆ. ಮನೆಗೆ ಬಂದು, ತೀರ್ಪುಗಾರರಿಗೆ ತರ್ಕವೇ ತಿಳಿಯದೆಂದು ಅವ್ವನೆದುರು ಅರ್ಧ ಗಂಟೆ ವಾದಿಸಿದ್ದೆ. ಸೋತೆ ಎಂಬ ಒಂದು ಮಾತು ಮಾತ್ರ ಬಾಯಿಂದ ಬಂದಿರಲಿಲ್ಲ.

ಮರುದಿನ ಧಾರಾವಾಹಿಯ ಹೊತ್ತಿಗೆ ಅವಳ ಪಕ್ಕ ಕೂತೆ. ಪರದೆಯ ಮೇಲೆ ಅವನು ಬಸ್ ನಿಲ್ದಾಣದಲ್ಲಿ ಒಬ್ಬನೇ ಕೂತಿದ್ದ. ಅವ್ವನ ಕಣ್ಣು ತುಂಬಿತ್ತು.

“ಅವ್ವಾ, ಹರಪನಹಳ್ಳ್ಯಾಗ ನಾ ಸೋತೆ,” ಎಂದೆ.

ಅವಳು ನನ್ನ ಮಂಡಿಯ ಮೇಲೆ ಕೈಯಿಟ್ಟಳು. ಕಣ್ಣು ಮಾತ್ರ ಅವನ ಮೇಲೇ ಇತ್ತು.

“ಜಾಹೀರಾತು ಬರ್ಲಿ, ತಡಿ. ಎಲ್ಲಾ ಹೇಳುವಂತಿ.”

ಆವತ್ತು ಜಾಹೀರಾತು ಬಹಳ ತಡವಾಗಿ ಬಂತು.