ಎಡಗಡೆಯ ಸೀಟು ಬೇಡವೆಂದವಳು

ತನ್ನನ್ನು ಬೇರೆ ಊರಿಗೆ ಎತ್ತಿ ಹಾಕಿದರೆ ಮಗುವಿನ ಗತಿಯೇನು? ತನ್ನ ವಿಮಾನ ಕಂಪನಿ ಇನ್ನೊಂದರ ಜೊತೆ ಒಂದಾಗುವ ಸುದ್ದಿ ಬಂದಾಗಿನಿಂದ ಇದೊಂದು ಹುಳ ಅವಳ ತಲೆ ಕೊರೆಯುತ್ತಲೇ ಇತ್ತು. ಹಾಲು ಕಾಯಿಸುವಾಗ, ಮಗುವಿನ ಉಗುರು ಕತ್ತರಿಸುವಾಗ, ಕೊನೆಗೆ ತಾನು ಹಾರಿಸುವ ವಿಮಾನ ಮೋಡದ ಮೇಲೇರಿ ಎಲ್ಲ ತಣ್ಣಗಾದಾಗಲೂ ಅದೇ. ಗಂಡ ಹಡಗಿನ ಕೆಲಸದವನು. ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಮಂಡಿನೋವಿನ ಅತ್ತೆಯೊಬ್ಬರೇ ಮಗುವಿನ ಹಿಂದೆ ಎಷ್ಟು ಓಡಿಯಾರು?

ಆದರೂ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಳು. ಕಂಪನಿಯ ಸಹಪೈಲಟ್‌ಗಳಲ್ಲಿ ಅವಳೇ ಎಲ್ಲರಿಗಿಂತ ಹಿರಿಯಳು. ಯಾವ ಊರು, ಯಾವ ಪಾಳಿ, ಯಾವಾಗ ರಜೆ, ಎಲ್ಲಕ್ಕೂ ಆ ಕಸುಬಿನಲ್ಲಿ ಹಿರಿತನವೇ ಲೆಕ್ಕ. ಮಗುವಿಗಿನ್ನೂ ಹಲ್ಲು ಮೂಡದಿದ್ದಾಗ ಮುಖ್ಯ ಪೈಲಟ್ ಫೋನು ಮಾಡಿ, "ಕ್ಯಾಪ್ಟನ್ ಆಗ್ತೀಯೇನಮ್ಮಾ?" ಎಂದು ಕೇಳಿದ್ದರು. ಅಲ್ಲಿ ಅದು ಬಾಯಿಮಾತಿನಲ್ಲೇ ಮುಗಿಯುವ ವ್ಯವಹಾರ. ಬೇಡವೆಂದರೆ ಸರದಿ ಮುಂದಿನವರಿಗೆ, ಹಿರಿತನಕ್ಕೆ ಕುಂದಿಲ್ಲ. ಹೊಸ ಕ್ಯಾಪ್ಟನ್ ಎಂದರೆ ಕ್ಯಾಪ್ಟನ್‌ಗಳ ಸಾಲಿನ ಬಾಲ, ಕರೆದಾಗ ಹಾರಬೇಕು. ಹಿರಿಯ ಸಹಪೈಲಟ್ ಆದರೆ ಬೆಳಗ್ಗೆ ಹಾರಿ ಸಂಜೆಗೆ ಮನೆ.

"ಸದ್ಯಕ್ಕೆ ಬೇಡ ಸರ್" ಎಂದಿದ್ದಳು. ಕ್ಯಾಪ್ಟನ್ ಕೂರುವ ಎಡಗಡೆಯ ಸೀಟು ಒಂಟೆಗೆ ಹೋಯಿತು. ಉದ್ದ ಕತ್ತಿನಿಂದಾಗಿ ಆ ಅಡ್ಡಹೆಸರು ಬಿದ್ದವನು, ಅವಳಿಗಿಂತ ಕಿರಿಯ. ಅಕ್ಕಾ ಅಕ್ಕಾ ಎಂದು ಹಿಂದೆ ತಿರುಗುತ್ತಿದ್ದವನು.

ಆ ಬೆಳಗ್ಗೆ ಮಗುವಿಗೆ ಅನ್ನ ತಿನ್ನಿಸುತ್ತಿದ್ದಾಗ ಹೊಸ ಕಂಪನಿಯ ಹಿರಿತನದ ಪಟ್ಟಿ ಫೋನಿಗೆ ಬಂತು. ತುತ್ತು ಹಿಡಿದ ಕೈ ಅರ್ಧದಲ್ಲೇ ನಿಂತಿತು. ಮಗು ಬಾಯಿ ತೆರೆದು ಕಾಯುತ್ತಿತ್ತು.

"ಏನಮ್ಮಾ, ಮುಖ ಬಿಳಿಚಿಕೊಂಡಿದೆ?" ಅತ್ತೆ ಕೇಳಿದರು.

"ಅತ್ತೆ, ಒಂಟೆ ನನಗಿಂತ ಮೇಲಿದ್ದಾನೆ."

"ಅವನು ಯಾವಾಗಲೂ ಮೇಲೇ. ನಮ್ಮ ಬಾಗಿಲಿಗೆ ಹಣೆ ಬಡ್ಕೊಳ್ದೆ ಒಳಗೆ ಬಂದಿದ್ದುಂಟಾ?"

"ಅಯ್ಯೋ, ತಮಾಷೆ ಅಲ್ಲ. ಕ್ಯಾಪ್ಟನ್‌ಗಳನ್ನೆಲ್ಲ ಮೊದಲು ಸೇರಿಸಿದ್ದಾರೆ, ಆಮೇಲೆ ಸಹಪೈಲಟ್‌ಗಳು. ಇನ್ನೊಂದು ಕಂಪನಿಯ ಸಹಪೈಲಟ್‌ಗಳೆಲ್ಲ ನನಗಿಂತ ಮೊದಲೇ ಕೆಲಸಕ್ಕೆ ಸೇರಿದವರು. ನಾನು ಅವರೆಲ್ಲರ ಕೆಳಗೆ ಬಿದ್ದೆ ಅತ್ತೆ. ನನ್ನಿಂದ ಕೆಳಕ್ಕೆ ಎಲ್ಲರಿಗೂ ಬೇರೆ ಊರಿಗೆ ವರ್ಗ."

ಅತ್ತೆಯ ನಗು ಆರಿತು. "ಅಂದ್ರೆ... ನೀನು ಹೋಗ್ಲೇಬೇಕಾ?"

ಮಗುವಿಗಾಗಿ ಬಿಟ್ಟ ಸೀಟೇ ಮಗುವನ್ನು ಬಿಟ್ಟು ಹೋಗು ಎನ್ನುತ್ತಿತ್ತು.

ಮಧ್ಯಾಹ್ನ ಪೈಲಟ್ ಸಂಘದ ಕಚೇರಿಗೆ ಓಡಿದಳು. ಕಾರ್ಯದರ್ಶಿ ಕನ್ನಡಕ ಹಣೆಗೇರಿಸಿ, "ಕ್ಯಾಪ್ಟನ್ ಸೀಟು ಮೊದಲು ನಿನಗೇ ಬಂದಿತ್ತು ಅಂತ ಸಾಬೀತಾದ್ರೆ ಪಟ್ಟಿಯಲ್ಲಿ ಒಂಟೆಯ ಜಾಗ ನಿನಗೆ" ಎಂದರು.

"ಮುಖ್ಯ ಪೈಲಟ್ ತೀರಿಕೊಂಡ್ರಲ್ಲ ಸರ್. ಕಾಗದ ಏನೂ ಇಲ್ಲ."

"ನೀನು ಬೇಡ ಅಂದಿದ್ದು ಇನ್ಯಾರಿಗೆ ಗೊತ್ತು?"

"ಒಂಟೆಗೇ. ಅವತ್ತೇ ಅವನಿಗೆ ಹೇಳಿದ್ದೆ."

"ಹಾಗಾದ್ರೆ ಅವನೇ ಹೇಳ್ಬೇಕು. ಹೇಳಿದ್ರೆ ಅವನು ನಿನ್ನ ಜಾಗಕ್ಕೆ ಇಳೀತಾನೆ, ವರ್ಗ ಅವನಿಗೆ. ಯೋಚ್ನೆ ಮಾಡು."

ಹೊರಗೆ ಬಂದು ಮೆಟ್ಟಿಲಲ್ಲೇ ಕೂತಳು. ಹೋದ ತಿಂಗಳಷ್ಟೇ ಒಂಟೆಯ ಹೆಂಡತಿಗೆ ಹೆರಿಗೆಯಾಗಿತ್ತು. ತೊಟ್ಟಿಲು ಕೊಟ್ಟವಳು ಇವಳೇ. ಅವನಿಗೆ ಯಾವ ಬಾಯಲ್ಲಿ ಕೇಳುವುದು? ಕೇಳದಿದ್ದರೆ? ಫೋನು ತೆಗೆದಳು, ಚೀಲಕ್ಕೆ ಹಾಕಿದಳು, ಮತ್ತೆ ತೆಗೆದಳು. ಕೊನೆಗೆ ಒತ್ತಿಯೇ ಬಿಟ್ಟಳು.

"ಅಕ್ಕಾ! ಪಟ್ಟಿ ನೋಡಿದ್ರಾ?"

"ನೋಡ್ದೆ ಕಣೋ. ನಿನ್ನ ಹತ್ರ ಒಂದು ಮಾತು ಕೇಳ್ಬೇಕು. ಪೂರ್ತಿ ಕೇಳಿಸ್ಕೋ, ಆಮೇಲೆ ಬೇಕಾದ್ರೆ ಬೈಯಿ."