ಮಧುರೆ ಗೌಡರಿಗೆ ತಿನ್ನಿಸಿದ ಮಿಲ್ಟ್ರಿ ಹಲ್ವ

ನಲವತ್ತಾರನೇ ಇಸವಿ. ಯುದ್ಧ ಮುಗಿದ ಮಾರನೇ ವರ್ಷ. ಆಗ ದೊಡ್ಡಬಳ್ಳಾಪುರದಲ್ಲಿ ನನ್ನಂಥ ತರಲೆ ಇನ್ನೊಬ್ಬ ಇರಲಿಲ್ಲ ಅಂತ ನನ್ನ ಬಾಯಲ್ಲಿ ನಾನೇ ಹೇಳ್ಕೋಬಾರ್ದು. ಆದ್ರೆ ಹೇಳೋಕೆ ಬೇರೆ ಯಾರೂ ಉಳಿದಿಲ್ಲ, ಅದಕ್ಕೇ ನಾನೇ ಹೇಳ್ತಿದೀನಿ.

ನಮ್ಮದು ನೇಯೋ ಮನೆ. ಅಪ್ಪ ಮಗ್ಗದ ಗುಂಡೀಲಿ ಕೂತು ಸೀರೆ ನೇಯ್ತಿದ್ರೆ, ನಾನು ಲಾಳಿ ಬಿಸಾಕಿ ನಂಜುಂಡನ ಬಸ್ಸು ಹತ್ತಿದ್ದೆ. ನಂಜುಂಡ ನನ್ನ ಜೀವದ ಗೆಳೆಯ. ಅವನದೊಂದು ಇದ್ದಿಲು ಬಸ್ಸು. ಪೆಟ್ರೋಲು ಸಿಗ್ತಿರಲಿಲ್ಲವಲ್ಲ, ಹಿಂದುಗಡೆ ಒಂದು ದೊಡ್ಡ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಲ್ಲಿ ಓಡಿಸೋದು. ದೊಡ್ಡಬಳ್ಳಾಪುರದಿಂದ ಪಕ್ಕದ ಮಧುರೆ ಹಳ್ಳಿಗೆ ಹೋಗೋದು, ಬರೋದು. ಡ್ರೈವರ್ ಅವನು. ಟಿಕೆಟ್ ಹರಿಯೋನು ನಾನು, ಇದ್ದಿಲು ತುಂಬೋನು ನಾನು, ಏರು ಬಂದ್ರೆ ತಳ್ಳೋನೂ ನಾನೇ.

ಮಧುರೆಯ ಚಿಕ್ಕೇಗೌಡ್ರು ಈ ಬಸ್ಸು ನೋಡಿಯೇ ಮಗಳು ಗೌರೀನ ನಂಜುಂಡನಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ರು. ಗೌರಿಗೂ ಇವನು ಅಂದ್ರೆ ಇಷ್ಟ. ಬಸ್ಸು ಬರೋ ಹೊತ್ತಿಗೆ ಸರಿಯಾಗಿ ಅವಳಿಗೆ ಬಾವಿ ನೀರು ನೆನಪಾಗೋದು. ನಾನು ಸುಮ್ನೆ ಇರ್ತೀನಾ? "ಲೇ ನಂಜ, ಇವತ್ತು ಮೂರನೇ ಕೊಡ ಕಣೋ, ಅವರ ಮನೇಲಿ ಆನೆ ಸಾಕಿದ್ದಾರಾ?" ಅಂತ ರೇಗಿಸ್ತಿದ್ದೆ.

ಅಷ್ಟರಲ್ಲಿ ಗೇರು ಮುರೀತು. ಗೇರು ಪೆಟ್ಟಿಗೆ ಒಳಗಿನ ಒಂದು ಚಕ್ರದ ಹಲ್ಲುಗಳು ಪುಡಿಪುಡಿ. ಬೆಂಗಳೂರೆಲ್ಲ ಸುತ್ತಿದ್ರೂ ಆ ಚಕ್ರ ಸಿಗಲಿಲ್ಲ. ಬಸ್ಸು ತಂದು ವೀರಾಚಾರಿ ಕುಲುಮೆ ಮುಂದೆ ನಿಲ್ಲಿಸಿದ್ದಾಯ್ತು. ನಿಂತಿದ್ದು ನಿಂತೇ ಬಿಡ್ತು. ಕೋಳಿಗಳು ಸೀಟಿನ ಕೆಳಗೆ ಮೊಟ್ಟೆ ಇಡೋಕೆ ಶುರು ಮಾಡಿದ್ವು. ನಾನು "ಟಿಕೆಟ್, ಟಿಕೆಟ್" ಅಂತ ಕೋಳಿಗಳ ಹಿಂದೆ ಓಡ್ತಿದ್ದೆ, ಬೀದಿಯೆಲ್ಲ ನಗೋದು. ನಂಜುಂಡ ಮಾತ್ರ ನಗ್ತಿರಲಿಲ್ಲ.

ಯಾಕಂದ್ರೆ ಗೌಡ್ರು ಹೇಳಿ ಕಳಿಸಿದ್ರು. "ಓಡೋ ಬಸ್ಸಿಗೆ ಮಾತು ಕೊಟ್ಟಿದ್ದೆ, ಕೋಳಿ ಗೂಡಿಗಲ್ಲ. ಈ ಶನಿವಾರದೊಳಗೆ ಬಸ್ಸು ಮಧುರೆಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಭಾನುವಾರ ಹೊಸಕೋಟೆ ಕಡೆಯೋರಿಗೆ ವೀಳ್ಯ ಕೊಡ್ತೀನಿ."

ಆಗ ಬೆಂಗಳೂರಲ್ಲಿ ಮಿಲ್ಟ್ರಿಯೋರು ಯುದ್ಧಕ್ಕೆ ತರಿಸಿ ಉಳಿದ ಸಾಮಾನು ಹರಾಜು ಹಾಕ್ತಿದ್ರು. ನಮ್ಮ ಬಸ್ಸಿನ ಜಾತಿಯದೇ ಲಾರಿಗಳು ಅವರ ಹತ್ರ ಇದ್ವು. ನಂಜುಂಡ ಹೋಗಿ ಗೇರು ಸಾಮಾನು ಅಂತ ಅವರು ಹೇಳಿದ ಒಂದು ಮರದ ಪೆಟ್ಟಿಗೆ ಹಿಡ್ಕೊಂಡು ಬಂದ. ಕುಲುಮೆ ಮುಂದೆ ಜನ ಸೇರಿದ್ರು. ಆಚಾರಿ ಸುತ್ತಿಗೆ ಹಾಕಿ ಮುಚ್ಚಳ ಎಬ್ಬಿಸಿದ.

ಒಳಗೆ ಗೇರೂ ಇಲ್ಲ, ಏನೂ ಇಲ್ಲ. ಮರದ ಹೊಟ್ಟಲ್ಲಿ ಹೊರಳಾಡಿದ ಎರಡು ಕಂದು ಉಂಡೆ. ಒಂದೊಂದು ಹಲಸಿನ ಪುಟ್ಟ ಕಾಯಿಯಷ್ಟು. ಮುಟ್ಟಿದ್ರೆ ಅಂಟಂಟು. ಎತ್ತಿದ್ರೆ ಮಾತ್ರ ಕಬ್ಬಿಣದ ಭಾರ.

ಆಚಾರಿ ಮೂಸಿ ನೋಡಿ ತಲೆ ಅಲ್ಲಾಡಿಸಿದ. "ಹಡಗಲ್ಲಿ ಬಂದಿರೋದು ಕಣಪ್ಪಾ. ಸಮುದ್ರದ ಉಪ್ಪು ನೀರು, ಮಳೆ, ಬಿಸಿಲು. ಗ್ರೀಸು ಕೊಳೆತು ಹೆಪ್ಪುಗಟ್ಟಿದೆ. ಒಳಗೆ ಕಬ್ಬಿಣ ತುಕ್ಕು ಹಿಡಿದು ಮಣ್ಣಾಗಿರ್ತದೆ."

"ಕಾಯಿಸಿ ನೋಡು ಆಚಾರಿ" ಅಂದ ನಂಜುಂಡ.

ಕುಲುಮೆಯೋರಿಗೆ ಏನೇ ಅಂಟಿದ್ರೂ ಬೆಂಕಿಯೇ ಮದ್ದು. ಒಂದು ಉಂಡೆ ತಗೊಂಡು ಕೆಂಡದ ಮೇಲೆ ಇಟ್ಟ. ತಿದಿ ಒತ್ತಿದ್ದೇ ಭಗ್ ಅಂತ ಹತ್ಕೊಳ್ತು. ಆಳೆತ್ತರ ಉರಿ, ಕರೀ ಹೊಗೆ. ನಾವೆಲ್ಲ ಬೀದಿಗೆ ಓಡಿದ್ವಿ. ಉರಿ ಆರಿದ ಮೇಲೆ ಇಕ್ಕಳದಲ್ಲಿ ಎತ್ತಿದ್ರೆ ಹಲ್ಲುಹಲ್ಲಿನ ಒಂದು ಚಕ್ರ! ಗೇರು ಅಲ್ಲೇ ಇತ್ತು. ಆದ್ರೆ ಮೈಯೆಲ್ಲ ಕಪ್ಪು, ನೀಲಿ. ಆಚಾರಿ ಅರ ಹಿಡಿದು ಒಂದು ಹಲ್ಲು ಉಜ್ಜಿದ, ಬೆಲ್ಲದಂಗೆ ತೇಯ್ತು. "ಹದ ಹೋಯ್ತು ಕಣಪ್ಪಾ. ಇದು ಹಾಕಿದ್ರೆ ಊರು ದಾಟೋದ್ರೊಳಗೆ ಸವೆದು ಹೋಗ್ತದೆ. ಇನ್ನೊಂದು ಉಂಡೆ ಬಿಡಿಸೋಕೂ ಬೆಂಕಿ ಬಿಟ್ರೆ ನನಗೆ ಬೇರೆ ದಾರಿ ಗೊತ್ತಿಲ್ಲ, ಅದರ ಗತಿಯೂ ಇದೇ."

ನಂಜುಂಡ ಕಲ್ಲಿನ ಮೇಲೆ ಕುಸಿದು ಕೂತ. ಅವತ್ತು ಶುಕ್ರವಾರ.

ಅದೇ ಹೊತ್ತಿಗೆ ಬರಬೇಕಾ ಚಿಕ್ಕೇಗೌಡ್ರು! ಏನೋ ಕೆಲಸಕ್ಕೆ ಪೇಟೆಗೆ ಬಂದಿದ್ದೋರು, ಹೊಗೆ ನೋಡಿ ಬಂದ್ರಂತೆ. ಬಸ್ಸು ನೋಡಿದ್ರು, ಕೋಳಿ ನೋಡಿದ್ರು, ಸುಟ್ಟ ಚಕ್ರ ನೋಡಿದ್ರು. "ಏನಪ್ಪಾ ನಂಜುಂಡ, ಅಡುಗೆ ಜೋರಾಗಿದೆಯಲ್ಲ?" ಅಂದ್ರು.

ಅವನಿಗೆ ತಲೆ ಎತ್ತೋಕಾಗಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ಮೈಯೆಲ್ಲ ಉರೀತು. ಗೌಡ್ರಿಗೆ ಸಿಹಿ ಅಂದ್ರೆ ಪ್ರಾಣ ಅಂತ ಇಡೀ ತಾಲ್ಲೂಕಿಗೆ ಗೊತ್ತು. ಉಳಿದಿದ್ದ ಒಂದು ಉಂಡೆ ಎತ್ಕೊಂಡು ಹೋಗಿ ತೊಟ್ಟಿ ನೀರಲ್ಲಿ ಹೊಟ್ಟು ತೊಳೆದೆ. ತೊಳೆದ್ರೆ ನೋಡಿ, ಜೇನುತುಪ್ಪದ ಬಣ್ಣ! ಮೇಲೆ ಎಣ್ಣೆ ಪಸೆ. ಥೇಟ್ ಹಲ್ವ.

"ಅಡುಗೆ ಅಲ್ಲ ಗೌಡ್ರೇ, ಮಿಲ್ಟ್ರಿ ಹಲ್ವ. ದೊರೆಗಳು ತಿನ್ನೋದು. ನೋಡಿ, ತುಪ್ಪ ಹೆಂಗೆ ಒಸರ್ತಿದೆ. ಆ ಮಂಕ ಆಚಾರಿ ಬೆಂಕಿಗೆ ಹಾಕಿ ಒಂದು ಹಾಳು ಮಾಡಿದ."

"ಹಲ್ವಾನಾ?" ಅಂದ್ರು. ಕಣ್ಣು ಉಂಡೆ ಮೇಲೇ.

"ಮದುವೆಗೆ ಅಂತ ನಂಜ ತಂದಿದ್ದ ಪಾಪ. ಮದುವೆ ಹೆಂಗೂ ಇಲ್ಲವಲ್ಲ, ನೀವೇ ರುಚಿ ನೋಡಿ."

ಮುತ್ತುಗದ ಎಲೆ ಹಾಸಿ, ಚಾಕು ತಗೊಂಡು ಓರೆಯಾಗಿ ಒಂದು ಹೋಳು ಕೊಯ್ದು ಎಲೆ ಮೇಲೆ ಇಟ್ಟೆ. ಗೌಡ್ರು ತಗೊಂಡು ಬಾಯಿಗೆ ಹಾಕೇ ಬಿಟ್ರು! ಜನ ಪಂಚೆ ಬಾಯಿಗೆ ತುರುಕ್ಕೊಂಡು ನಗು ತಡೀತಿದ್ದಾರೆ. ಗೌಡ್ರು ಅಗಿದ್ರು. ಅಗಿದ್ರು. "ಏನೋ ಇದು, ಹಲ್ಲಿಗೇ ಸಿಗಲ್ಲ?" ಅಂದ್ರು.

"ಇನ್ನೊಂದು ದಪ್ಪ ಹೋಳು ಕೊಡ್ತೀನಿ ಇರಿ" ಅಂತ ಚಾಕು ಆಳಕ್ಕೆ ಒತ್ತಿದೆ. ಕಟ್ ಅಂತ ತಾಗ್ತು. ಚಾಕು ಜಾರಿ ಪಕ್ಕಕ್ಕೆ ಸೀಳ್ತು. ಸೀಳಿದ ಜಾಗದಲ್ಲಿ ಬೆರಳು ಹಾಕಿ ಎಳೆದೆ. ಬಾಳೆಹಣ್ಣಿನ ಸಿಪ್ಪೆ ಬಂದಂಗೆ ಅಷ್ಟಗಲ ಬಂದ್ಬಿಡ್ತು.

ಬಿಸಿಲು ಒಳಗೆ ಬಿತ್ತು. ನನ್ನ ಕಣ್ಣು ಕೋರೈಸ್ತು.

ಸ್ವಾಮೀ, ಹೆಂಗೆ ಹೇಳ್ಲಿ? ಬೆಳ್ಳಿ ಅನ್ಲಾ? ಬೆಳ್ಳಿಗೂ ಅಷ್ಟು ಹೊಳಪಿಲ್ಲ. ಪೂರ್ತಿ ಸುಲಿದೆ. ಒಂದೊಂದು ಹಲ್ಲೂ ಚೂಪಾಗಿ, ತಣ್ಣಗೆ, ತೆಳ್ಳಗೆ ಎಣ್ಣೆ ಹಚ್ಕೊಂಡು ಕೂತಿದೆ. ತುಕ್ಕಿನ ಒಂದು ಚುಕ್ಕೆ ಇಲ್ಲ. ಅದರ ಮೈಯಲ್ಲಿ ನನ್ನ ಮೀಸೆ ಕಾಣಿಸ್ತಿತ್ತು. ಯಾವ ಸಮುದ್ರ ದಾಟಿ ಬಂದಿದೆ, ಎಷ್ಟು ಮಳೆ ನೋಡಿದೆ, ಯಾವ ಗೋಡೌನಲ್ಲಿ ಬಿದ್ದಿತ್ತು, ಅದಕ್ಕೆ ಯಾವುದೂ ಗೊತ್ತೇ ಇಲ್ಲ.

ಗೌಡ್ರು ಅಗಿಯೋದು ನಿಲ್ಲಿಸಿ, ಬಾಯಲ್ಲಿ ಹೋಳು ಹಂಗೇ ಇಟ್ಕೊಂಡು ನಿಂತಿದ್ರು. ವೀರಾಚಾರಿ ಕೈ ಚಾಚಿದೋನು ಹಿಂದಕ್ಕೆ ತಗೊಂಡ. ಹೋಗಿ ಕೈ ತೊಳೆದ. ಒಗೆದ ಟವಲು ತಂದು ಅದರಲ್ಲಿ ಇಸ್ಕೊಂಡ. ಆಮೇಲೆ ಮೆಲ್ಲಗೆ, "ಇವತ್ತು ಬೆಳಿಗ್ಗೆ ಹುಟ್ಟಿದ ಕೂಸು ಇದ್ದಂಗಿದೆ ಕಣ್ರಪ್ಪಾ" ಅಂದ. ನಂಜುಂಡ ಅಳ್ತಿದ್ದ.

ನಾನು? ನಾನು ಏನೋ ತಮಾಷೆಗೆ ಕೊಯ್ದಿದ್ದು. ಕೊಯ್ಯದೇ ಇದ್ದಿದ್ರೆ ಅದೂ ಬೆಂಕಿಗೋ ತಿಪ್ಪೆಗೋ ಹೋಗ್ತಿತ್ತು. ಹಂಗಂತ ಆಮೇಲೆ ಜೀವಮಾನವೆಲ್ಲ ಜಂಬ ಕೊಚ್ಕೊಂಡಿದೀನಿ ಬಿಡಿ, ಆದ್ರೆ ಆ ಹೊತ್ತಿನಲ್ಲಿ ಜಂಬ ಬರಲಿಲ್ಲ.

ಗೌಡ್ರು ಕೊನೆಗೆ ಹೋಳು ಉಗಿದು ನನ್ನ ಕಡೆ ತಿರುಗಿದ್ರು. ಬಿತ್ತು ಏಟು ಅಂದ್ಕೊಂಡೆ. "ನಿನ್ನ ಹಲ್ವ ಚೆನ್ನಾಗಿಲ್ಲ ಕಣೋ ರಂಗ" ಅಂದ್ರು. "ಆದ್ರೆ ಒಳಗಿನ ಬೀಜ ಚೆನ್ನಾಗಿದೆ." ಅಷ್ಟು ಹೇಳಿ ಊರ ಕಡೆ ನಡೆದೇ ಬಿಟ್ರು. ಶನಿವಾರದ ಗಡುವು ಮಾತ್ರ ಸಡಿಲಿಸಲಿಲ್ಲ!

ನಂಜುಂಡನೂ ಆಚಾರಿಯೂ ಊಟ ಬಿಟ್ಟು ಕೂತ್ರು. ಚಕ್ರ ಹೇಳಿ ಮಾಡಿಸಿದಂಗೆ ಕೂತ್ಕೊಳ್ತು. ಶನಿವಾರ ಕೋಳಿಗಳನ್ನ ಇಳಿಸಿ, ನಾನು ಇದ್ದಿಲು ಹೊತ್ತಿಸಿದೆ. ಬಸ್ಸು ಕೆಮ್ಮಿತು, ನಡುಗಿತು, ಹೊರಡ್ತು. ದಾರೀಲಿ ನಂಜುಂಡ ಗೇರು ಬದಲಾಯಿಸೋವಾಗೆಲ್ಲ ನಾನು ದೇವರ ಹೆಸರು ಹೇಳ್ತಿದ್ದೆ. ಕಿರ್ ಅನ್ನಲಿಲ್ಲ, ಬೆಣ್ಣೇಲಿ ಬೆರಳಿಟ್ಟಂಗೆ ಕೂತ್ಕೋತಿತ್ತು.

ಮಧುರೆ ಬಾವಿ ಹತ್ರ ಗೌರಿ ಖಾಲಿ ಕೊಡ ಹಿಡ್ಕೊಂಡು ನಿಂತಿದ್ಲು. ನಮ್ಮನ್ನ ನೋಡಿ ಕೊಡ ಅಲ್ಲೇ ಬಿಟ್ಟು, ಮನೆ ಕಡೆ ತಿರುಗಿ ಊರಿಗೆಲ್ಲ ಕೇಳೋ ಹಂಗೆ ಕೂಗಿದ್ಲು. "ಅಪ್ಪಾ, ಹೊಸಕೋಟೆಯೋರಿಗೆ ಬರೋದು ಬೇಡ ಅಂತ ಹೇಳ್ಕಳಿಸು!"

ಸುಲಿದ ಸಿಪ್ಪೆ ನಾನು ಮನೆಗೆ ತಂದಿದ್ದೆ. ಒರೆಸಿ ಗೂಡಲ್ಲಿ ಇಟ್ರೆ, ಮಾರನೇ ದಿನ ಅದರ ಮೈ ಮೇಲೆ ಮತ್ತೆ ಸಣ್ಣಗೆ ಎಣ್ಣೆ ಹನಿ. ಮತ್ತೆ ಒರೆಸಿದ್ರೆ ಮತ್ತೆ ಬರೋದು. ಅಮ್ಮ "ಇದಕ್ಕೆ ಜೀವ ಇದೆ, ಆಚೆ ಎಸಿ" ಅಂತ ಬೈದ್ರು. ಎಸೆಯೋ ಮೊದಲು ಅದನ್ನ ತೋರಿಸಿ ಅಕ್ಕಪಕ್ಕದೋರನ್ನೆಲ್ಲ ಹೆದರಿಸಿ ಆಯ್ತು, ಅದು ಬೇರೆ.

ಅದು ಏನು ಅಂತ ಗೊತ್ತಾಗಿದ್ದು ಈಗ್ಗೆ ಸ್ವಲ್ಪ ದಿನದ ಹಿಂದೆ. ನನ್ನ ಮೊಮ್ಮಗಳು ಮಾತ್ರೆ ಮಾಡೋ ಕಾರ್ಖಾನೇಲಿ ಇದ್ದಾಳೆ. ನಾನು ಬಿಪಿ ಮಾತ್ರೆ ಕಡಿದು ತಿನ್ನೋದು ನೋಡಿ ಗದರಿದ್ಲು. "ತಾತ, ಅಗೀಬೇಡ. ಅದರ ಮೇಲೆ ಇಥೈಲ್ ಸೆಲ್ಯುಲೋಸ್ ಅಂತ ಒಂದು ಹೊದಿಕೆ ಇದೆ. ಒಳಗಿನ ಔಷಧೀನ ಒಂದೇ ಸಲ ಬಿಡದೆ, ದಿನವೆಲ್ಲ ಸ್ವಸ್ವಲ್ಪ ಬಿಡ್ತದೆ." ನಾನು ಹಲ್ವದ ಕಥೆ ಹೇಳಿದೆ. ಅವಳು ಹುಡುಕಿ ಓದಿ ಬಂದು, "ತಾತ, ಅದೂ ಇದೇ! ಯುದ್ಧದಲ್ಲಿ ಯಂತ್ರದ ಸಾಮಾನನ್ನ ಇದರ ಬಿಸಿ ಪಾಕದಲ್ಲಿ ಅದ್ದಿ ಕಳಿಸ್ತಿದ್ರಂತೆ. ಪಾಕದಲ್ಲೇ ಎಣ್ಣೆ ಸೇರಿಸಿರ್ತಿದ್ರು, ಅದು ಸ್ವಸ್ವಲ್ಪವೇ ಒಸರಿ ಕಬ್ಬಿಣಾನ ತುಕ್ಕಿಂದ ಕಾಯೋದು" ಅಂದ್ಲು. ಮಾಡೋದು ಯಾವುದರಿಂದ ಅಂದೆ. ಮರದ ತಿರುಳಿಂದ, ಹತ್ತಿಯಿಂದ ಅಂದ್ಲು.

ಹತ್ತಿ! ನಮ್ಮ ಮನೇಲಿ ನಾಲ್ಕು ತಲೆಮಾರು ಹತ್ತಿ ನೂಲಲ್ಲೇ ಬದುಕಿದೆ. ಒಂದು ಹನಿ ಬಿದ್ರೆ ಗಟಗಟ ಕುಡಿಯೋ ಹತ್ತಿ, ಸಮುದ್ರಕ್ಕೇ ಹೋಗಾಚೆ ಅಂದಿತ್ತು.

ಆ ಚಕ್ರ ಅದ್ದಿದ ಕೈ ಯಾರದ್ದೋ. ಗಂಡಸೋ ಹೆಂಗಸೋ, ಯಾವ ದೇಶವೋ. ಯುದ್ಧಕ್ಕೆ ಅಂತ ಅದ್ದಿದ್ದು, ಅವರಿಗೆ ಮಧುರೆ ಏನು ಗೊತ್ತು, ಗೌರಿ ಏನು ಗೊತ್ತು? ಕಡೇ ಪಾಳಿ, ಸುಸ್ತಾಗಿದೆ ಅಂತ ಅರೆಬರೆ ಅದ್ದಿ ಎಸೆದಿದ್ರೂ ಯಾರೂ ಕೇಳ್ತಿರಲಿಲ್ಲ. ಒಂದು ಸೂಜಿಮೊನೆಯಷ್ಟು ಜಾಗ ಬಿಡದೆ ಅದ್ದಿದ್ದಾರೆ. ಯಾರನ್ನೂ ಬಿಡದೆ ಗೇಲಿ ಮಾಡ್ಕೊಂಡು ಬಂದೋನು ನಾನು. ಆ ಕೈ ನೆನೆಸ್ಕೊಂಡ್ರೆ ಮಾತ್ರ, ಇವತ್ತಿಗೂ ನನಗೆ ಒಂದು ತಮಾಷೆಯೂ ಹೊಳೆಯಲ್ಲ.